ಎಲೆಕ್ಟ್ರಿಕ್ ಟ್ರಕ್‌ನ ಏರ್ ಸಸ್ಪೆನ್ಷನ್ ಸೋರಿದರೆ ಗಾಡಿಯೇ ಗುಜರಿಗೆ ಹೋಗಬೇಕೇ?

ದೊಡ್ಡ ಎಲೆಕ್ಟ್ರಿಕ್ ಪಿಕಪ್ ಟ್ರಕ್ ಒಂದು ಬದಿಗೆ ವಾಲಿಕೊಂಡು ನಿಂತಿರುವ ಫೋಟೊ. ಕೆಳಗೆ ಡಾಲರ್ ಲೆಕ್ಕದ ರಿಪೇರಿ ಬಿಲ್, ಅದನ್ನು ರೂಪಾಯಿಗೆ ಪರಿವರ್ತಿಸಿದ ಮೊತ್ತ, ಜೊತೆಗೆ ‘ಬ್ಯಾಟರಿ ಭಾರ ತಡೆಯಲಾರದೆ ಕುಸಿದ ಗಾಡಿ, ಎಲೆಕ್ಟ್ರಿಕ್ ತಗೊಳ್ಳೋ ಮುಂಚೆ ಯೋಚಿಸಿ’ ಎಂಬ ಧಾಟಿಯ ಸಾಲು. ಇಂಥ ಸಂದೇಶ ನಿಮಗೂ ಬಂದಿದ್ದರೆ, ಮುಂದಕ್ಕೆ ಕಳುಹಿಸುವ ಮೊದಲು ಇದನ್ನು ಓದಿ.

ಒಂದೇ ಮಾತಿನಲ್ಲಿ ಉತ್ತರ ಬೇಕೆಂದರೆ: ಏರ್ ಸಸ್ಪೆನ್ಷನ್ ಸೋರುವುದು ನಿಜ, ಅಮೆರಿಕದಲ್ಲಿ ಅದರ ರಿಪೇರಿ ದುಬಾರಿ ಎಂಬುದೂ ನಿಜ. ಆದರೆ ಅದು ಮೋಟರ್‌ನ ದೋಷವೂ ಅಲ್ಲ, ಬ್ಯಾಟರಿಯ ದೋಷವೂ ಅಲ್ಲ. ಹೆಚ್ಚಿನ ಸಂದರ್ಭಗಳಲ್ಲಿ ಸೋರಿಕೆ ಸಣ್ಣದಾಗಿಯೇ ಶುರುವಾಗುತ್ತದೆ. ಅದನ್ನು ನೋಡಿಯೂ ನೋಡದಂತೆ ಬಿಟ್ಟಾಗ ಬಿಲ್ ದೊಡ್ಡದಾಗುತ್ತದೆ.

ಏರ್ ಸಸ್ಪೆನ್ಷನ್ ಎಂದರೇನು?

ನಮ್ಮ ಲಾರಿಗಳ ಚಕ್ರದ ಬಳಿ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳನ್ನು ನೋಡಿರುತ್ತೀರಿ. ಅದು ಲೀಫ್ ಸ್ಪ್ರಿಂಗ್. ಕಾರುಗಳಲ್ಲಿ ಸುರುಳಿಯಾಕಾರದ ಕಾಯಿಲ್ ಸ್ಪ್ರಿಂಗ್ ಇರುತ್ತದೆ. ಏರ್ ಸಸ್ಪೆನ್ಷನ್‌ನಲ್ಲಿ ಈ ಉಕ್ಕಿನ ಜಾಗದಲ್ಲಿ ಗಾಳಿ ತುಂಬಿದ ಗಟ್ಟಿ ರಬ್ಬರ್ ಚೀಲ ಇರುತ್ತದೆ. ಮೆಕ್ಯಾನಿಕ್‌ಗಳು ಇದನ್ನು ಬೆಲ್ಲೋಸ್ ಅಥವಾ ಏರ್ ಬ್ಯಾಗ್ ಎನ್ನುತ್ತಾರೆ. ಅಪಘಾತವಾದಾಗ ಸ್ಟೀರಿಂಗ್‌ನಿಂದ ಉಬ್ಬಿ ಬರುವ ಏರ್ ಬ್ಯಾಗ್‌ಗೂ ಇದಕ್ಕೂ ಸಂಬಂಧವಿಲ್ಲ.

ಇದು ಹೊಸ ತಂತ್ರಜ್ಞಾನವೇನಲ್ಲ. ಕೆಎಸ್ಆರ್‌ಟಿಸಿಯ ಐರಾವತ ವೋಲ್ವೊ ಬಸ್‌ನಲ್ಲಿ ಕುಳಿತವರಿಗೆ ಅದರ ಮೆತ್ತನೆಯ ಓಟದ ಅನುಭವ ಇದ್ದೇ ಇರುತ್ತದೆ. ಆ ಬಸ್ಸುಗಳು ಡೀಸೆಲ್‌ನವು, ಆದರೂ ಅವು ನಿಂತಿರುವುದು ಗಾಳಿಯ ಚೀಲಗಳ ಮೇಲೆಯೇ. ಅಮೆರಿಕದ ಕ್ಯಾಡಿಲಾಕ್ ಕಂಪನಿ 1957ರಲ್ಲೇ ತನ್ನ ಎಲ್‌ಡೊರಾಡೊ ಬ್ರೂಹ್ಯಾಮ್ ಕಾರಿಗೆ ಏರ್ ಸಸ್ಪೆನ್ಷನ್ ಹಾಕಿತ್ತು. ಆ ಕಾಲದ ವ್ಯವಸ್ಥೆ ಎಷ್ಟು ಸೋರುತ್ತಿತ್ತೆಂದರೆ, ಅನೇಕ ಮಾಲೀಕರು ಅದನ್ನು ತೆಗೆಸಿ ಉಕ್ಕಿನ ಸ್ಪ್ರಿಂಗ್ ಹಾಕಿಸಿಕೊಂಡರು. ಅಂದರೆ ಸೋರಿಕೆಯ ದೂರು ಎಲೆಕ್ಟ್ರಿಕ್ ಟ್ರಕ್‌ಗಳಿಗಿಂತ ಅರ್ಧ ಶತಮಾನಕ್ಕೂ ಹಳೆಯದು.

ಎಲೆಕ್ಟ್ರಿಕ್ ಟ್ರಕ್‌ಗೆ ಇದು ಏಕೆ ಬೇಕು?

ಮೊದಲ ಕಾರಣ ಭಾರ. ರಿವಿಯನ್ ಕಂಪನಿಯ ಆರ್1ಟಿ ಪಿಕಪ್ ಸುಮಾರು 3,200 ಕೆ.ಜಿ. ತೂಗುತ್ತದೆ. ಜಿಎಂಸಿ ಹಮ್ಮರ್ ಇವಿಯ ತೂಕ 4,000 ಕೆ.ಜಿ.ಗೂ ಹೆಚ್ಚು. ಇಷ್ಟು ಭಾರಕ್ಕೆ ಉಕ್ಕಿನ ಸ್ಪ್ರಿಂಗ್ ಹಾಕಿದರೆ ಖಾಲಿ ಗಾಡಿ ಕುಲುಕದಂತೆಯೂ ತುಂಬಿದ ಗಾಡಿ ಕುಗ್ಗದಂತೆಯೂ ಹೊಂದಿಸುವುದು ಕಷ್ಟ. ಗಾಳಿಯಾದರೆ ಹೊರೆ ಹೆಚ್ಚಿದಂತೆ ಒತ್ತಡ ಹೆಚ್ಚಿಸಿದರೆ ಸಾಕು.

ಎರಡನೆಯದು ಎತ್ತರ. ಹೆದ್ದಾರಿಯಲ್ಲಿ ಗಾಡಿ ತಗ್ಗಿದರೆ ಗಾಳಿಯ ಎಳೆತ ಕಡಿಮೆಯಾಗಿ ಒಂದೇ ಚಾರ್ಜ್‌ನಲ್ಲಿ ಸ್ವಲ್ಪ ಹೆಚ್ಚು ದೂರ ಓಡುತ್ತದೆ. ಕಲ್ಲುಹಾದಿಯಲ್ಲಿ ಅದೇ ಗಾಡಿ ಮೇಲೇಳಬೇಕು. ಆರ್1ಟಿಯ ತಳ ಮತ್ತು ನೆಲದ ನಡುವಿನ ಅಂತರವನ್ನು ಸುಮಾರು 8 ಇಂಚಿನಿಂದ 15 ಇಂಚಿನ ಸಮೀಪದವರೆಗೆ ಬದಲಿಸಬಹುದು. ಟೆಸ್ಲಾ ಸೈಬರ್‌ಟ್ರಕ್ ಮತ್ತು ಹಮ್ಮರ್ ಇವಿ ಅತಿ ಎತ್ತರದ ಸ್ಥಿತಿಯಲ್ಲಿ 16 ಇಂಚಿನ ಆಸುಪಾಸಿಗೆ ಏರುತ್ತವೆ.

ಹಾಗಂತ ಎಲ್ಲ ಎಲೆಕ್ಟ್ರಿಕ್ ಪಿಕಪ್‌ಗಳಲ್ಲೂ ಏರ್ ಸಸ್ಪೆನ್ಷನ್ ಇಲ್ಲ. ಫೋರ್ಡ್ ಎಫ್-150 ಲೈಟ್ನಿಂಗ್ ಉಕ್ಕಿನ ಕಾಯಿಲ್ ಸ್ಪ್ರಿಂಗ್ ಮೇಲೆಯೇ ನಿಲ್ಲುತ್ತದೆ. ‘ಎಲೆಕ್ಟ್ರಿಕ್ ಆದರೆ ಸೋರುತ್ತದೆ’ ಎಂಬ ವಾದ ಇಲ್ಲಿಗೇ ಬಿದ್ದುಹೋಗುತ್ತದೆ.

ಚೀಲದೊಳಗೆ ಎಷ್ಟು ಒತ್ತಡವಿರುತ್ತದೆ?

ಒಂದು ಸರಳ ಲೆಕ್ಕ ಮಾಡೋಣ. 3,200 ಕೆ.ಜಿ. ಗಾಡಿಯ ಭಾರ ನಾಲ್ಕು ಮೂಲೆಗೆ ಸಮನಾಗಿ ಹಂಚಿದರೆ ಒಂದೊಂದಕ್ಕೆ 800 ಕೆ.ಜಿ. ಭಾರ ಹೊರುವ ಚೀಲದ ಅಗಲ 100 ಚದರ ಸೆಂಟಿಮೀಟರ್ ಎಂದುಕೊಂಡರೆ, ಪ್ರತಿ ಚದರ ಸೆಂಟಿಮೀಟರ್‌ಗೆ 8 ಕೆ.ಜಿ. ಒತ್ತಡ ಬೇಕು. ಅದು ಸುಮಾರು 114 ಪಿಎಸ್‌ಐ. ಪೆಟ್ರೋಲ್ ಬಂಕ್‌ನಲ್ಲಿ ಕಾರಿನ ಟೈರ್‌ಗೆ ‘32 ಹಾಕಿ’ ಎನ್ನುತ್ತೇವಲ್ಲ, ಅದರ ಮೂರೂವರೆ ಪಟ್ಟು. ಇಷ್ಟು ಒತ್ತಡವನ್ನು ವರ್ಷಗಟ್ಟಲೆ, ಹಗಲೂ ರಾತ್ರಿ, ಒಂದು ರಬ್ಬರ್ ಚೀಲ, ಕೆಲವು ಸಣ್ಣ ಪೈಪ್ ಮತ್ತು ಉಂಗುರದಂಥ ರಬ್ಬರ್ ಸೀಲ್‌ಗಳು ಹಿಡಿದಿಟ್ಟುಕೊಳ್ಳಬೇಕು. ಎಲ್ಲೋ ಒಂದು ಕಡೆ ಸೋರಿದರೆ ಅದರಲ್ಲಿ ಆಶ್ಚರ್ಯವಿಲ್ಲ.

ಸೋರುವುದು ಎಲ್ಲಿಂದ?

• ರಬ್ಬರ್ ಚೀಲ: ಗಾಡಿ ಏರಿಳಿದಂತೆ ಚೀಲ ಒಂದೇ ಜಾಗದಲ್ಲಿ ಮಡಚಿ ಬಿಚ್ಚುತ್ತಿರುತ್ತದೆ. ವರ್ಷಗಳು ಕಳೆದಂತೆ ಆ ಮಡಿಕೆಯಲ್ಲಿ ಕೂದಲೆಳೆಯಂಥ ಬಿರುಕು ಬೀಳುತ್ತದೆ. ಮಡಿಕೆಯಲ್ಲಿ ಸಿಕ್ಕಿಕೊಂಡ ಮರಳು, ಜಲ್ಲಿಚೂರು ಉಜ್ಜಿಯೂ ರಬ್ಬರ್ ಸವೆಯುತ್ತದೆ.

• ಪೈಪ್ ಸೇರುವ ಜಾಗ: ಚೀಲಕ್ಕೂ ಗಾಳಿಯ ಪೈಪ್‌ಗೂ ಇರುವ ಜೋಡಣೆಯ ಒಳಗಿನ ಸೀಲ್ ಒಣಗಿದರೆ ಅಥವಾ ಜೋಡಣೆ ಸರಿಯಾಗಿ ಕೂರದಿದ್ದರೆ ಸೋರಿಕೆ ಶುರು. ಅಮೆರಿಕದ ಉತ್ತರದ ರಾಜ್ಯಗಳಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ. ಆ ಉಪ್ಪುನೀರು ಲೋಹದ ಭಾಗಗಳಿಗೆ ತುಕ್ಕು ಹಿಡಿಸುತ್ತದೆ.

• ವಾಲ್ವ್ ಬ್ಲಾಕ್: ಯಾವ ಚಕ್ರಕ್ಕೆ ಎಷ್ಟು ಗಾಳಿ ಎಂದು ಹಂಚುವ ಪೆಟ್ಟಿಗೆ ಇದು. ಒಳಗೆ ಧೂಳು ಅಥವಾ ತೇವ ಸೇರಿದರೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ.

• ಕಂಪ್ರೆಸರ್: ಗಾಳಿಯನ್ನು ಒತ್ತಿ ತುಂಬುವ ಪಂಪ್. ಇದರ ಪಕ್ಕದಲ್ಲೇ ಗಾಳಿಯ ತೇವ ಹೀರುವ ಡ್ರೈಯರ್ ಇರುತ್ತದೆ. ಹೊಸ ಬ್ಯಾಗ್ ಅಥವಾ ಶೂ ಪೆಟ್ಟಿಗೆಯಲ್ಲಿ ಸಿಗುವ ಸಿಲಿಕಾ ಜೆಲ್ ಪೊಟ್ಟಣದಂಥದ್ದೇ ಕೆಲಸ ಅದರದು.

ರಿವಿಯನ್ ಆರ್1ಟಿಯ ವಿಷಯದಲ್ಲಿ ಇನ್ನೊಂದು ಮಾತು ನೆನಪಿಡಬೇಕು. ತಿರುವಿನಲ್ಲಿ ಗಾಡಿ ವಾಲದಂತೆ ತಡೆಯಲು ಅದರಲ್ಲಿ ದ್ರವದಿಂದ ನಡೆಯುವ ಪ್ರತ್ಯೇಕ ಹೈಡ್ರಾಲಿಕ್ ವ್ಯವಸ್ಥೆಯೂ ಇದೆ. ಚಕ್ರದ ಬಳಿ ಜಿಡ್ಡಿನ ದ್ರವ ಕಂಡರೆ ಅದು ಗಾಳಿಯ ಸೋರಿಕೆಯಲ್ಲ. ಅದರ ರಿಪೇರಿಯೇ ಬೇರೆ, ಖರ್ಚೂ ಬೇರೆ. ಫಾರ್ವರ್ಡ್ ಸಂದೇಶಗಳು ಎರಡನ್ನೂ ಬೆರೆಸಿ ‘ಸಸ್ಪೆನ್ಷನ್ ಲೀಕ್’ ಎಂದು ಒಂದೇ ಹೆಸರಿಡುತ್ತವೆ.

ಬೆಳಿಗ್ಗೆ ಗಾಡಿ ತಗ್ಗಿದ್ದರೆ ಸೋರಿಕೆ ಎಂದೇ ಅರ್ಥವೇ?

ಅಲ್ಲ. ತಣ್ಣಗಾದರೆ ಗಾಳಿ ಕುಗ್ಗುತ್ತದೆ. ಗಾಡಿಯ ಭಾರ ಬದಲಾಗದ್ದರಿಂದ ಚೀಲದೊಳಗಿನ ಒತ್ತಡ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಗಾಳಿ ಹಿಡಿಯುವ ಜಾಗ ಮಾತ್ರ ಕಡಿಮೆಯಾಗುತ್ತದೆ.

ಉದಾಹರಣೆಗೆ 20 ಡಿಗ್ರಿ ಸೆಲ್ಸಿಯಸ್ ಇರುವ ಗ್ಯಾರೇಜಿನಿಂದ ಗಾಡಿಯನ್ನು ಹೊರಗೆ ತಂದು, ಮೈನಸ್ 10 ಡಿಗ್ರಿ ಚಳಿಯಲ್ಲಿ ರಾತ್ರಿ ನಿಲ್ಲಿಸಿದರು ಎನ್ನಿ. ವಿಜ್ಞಾನದ ಕೆಲ್ವಿನ್ ಲೆಕ್ಕದಲ್ಲಿ ಇದು 293ರಿಂದ 263ಕ್ಕೆ ಇಳಿದಂತೆ, ಅಂದರೆ ಸುಮಾರು 10 ಶೇಕಡಾ ಇಳಿಕೆ. ಚೀಲದಲ್ಲಿ 20 ಸೆಂಟಿಮೀಟರ್ ಎತ್ತರದ ಗಾಳಿ ಇದ್ದರೆ ಅದು 2 ಸೆಂಟಿಮೀಟರ್ ಕುಗ್ಗುತ್ತದೆ. ಯಾವುದೇ ಸೋರಿಕೆಯಿಲ್ಲದೆಯೇ ಗಾಡಿ ಬೆಳಿಗ್ಗೆ ತುಸು ತಗ್ಗಿರುತ್ತದೆ. ಸ್ಟಾರ್ಟ್ ಮಾಡಿದಾಗ ಕಂಪ್ರೆಸರ್ ಗಾಳಿ ತುಂಬಿ ಸರಿಮಾಡುತ್ತದೆ.

ಹತ್ತಿ ಇಳಿಯಲು ಅನುಕೂಲವಾಗಲೆಂದು ನಿಲ್ಲಿಸಿದಾಗ ತಾನಾಗಿಯೇ ತಗ್ಗುವ ಸೌಲಭ್ಯವೂ ಕೆಲವು ಗಾಡಿಗಳಲ್ಲಿದೆ. ಅದನ್ನು ನೋಡಿ ‘ಕುಸಿದುಬಿತ್ತು’ ಎಂದು ವಿಡಿಯೊ ಮಾಡುವವರೂ ಇದ್ದಾರೆ.

ಹಾಗಾದರೆ ನಿಜವಾದ ಸೋರಿಕೆಯನ್ನು ಗುರುತಿಸುವುದು ಹೇಗೆ? ಮುಖ್ಯ ಗುರುತುಗಳು ಇವು:

• ನಾಲ್ಕೂ ಮೂಲೆ ಸಮನಾಗಿ ತಗ್ಗದೆ ಒಂದೇ ಮೂಲೆ ತಗ್ಗುವುದು. ಆ ಮೂಲೆಯ ಚೀಲ, ಪೈಪ್ ಅಥವಾ ಜೋಡಣೆಯ ಮೇಲೆ ಮೊದಲ ಅನುಮಾನ.

• ಒಂದು ಬದಿ ತಗ್ಗಿ ಇನ್ನೊಂದು ಬದಿ ಏರುವುದು. ವಾಲ್ವ್ ಬ್ಲಾಕ್‌ನೊಳಗೆ ಗಾಳಿ ಆಚೀಚೆ ಹೋಗುತ್ತಿರಬಹುದು.

• ಕಂಪ್ರೆಸರ್‌ನ ಗುರ್ ಶಬ್ದ ಪದೇ ಪದೇ ಅಥವಾ ಬಹಳ ಹೊತ್ತು ಕೇಳಿಸುವುದು.

• ನಿಲ್ಲಿಸಿದ ಗಾಡಿಯಿಂದ ನಿರಂತರವಾಗಿ ‘ಉಸ್’ ಎಂಬ ಸದ್ದು ಬರುವುದು. ಎತ್ತರ ಇಳಿಸುವಾಗ ಕೆಲವು ಕ್ಷಣ ಬರುವ ಸದ್ದು ಸಹಜ.

• ಪರದೆಯ ಮೇಲೆ ಸಸ್ಪೆನ್ಷನ್ ಎಚ್ಚರಿಕೆ ಮತ್ತೆ ಮತ್ತೆ ಕಾಣಿಸುವುದು.

ಸಮತಟ್ಟಾದ ಜಾಗದಲ್ಲಿ ರಾತ್ರಿ ಗಾಡಿ ನಿಲ್ಲಿಸಿ, ಪ್ರತಿ ಚಕ್ರದ ನಡುಮಧ್ಯದಿಂದ ಮೇಲಿನ ಬಾಡಿಯ ಅಂಚಿನವರೆಗೆ ಟೇಪ್‌ನಿಂದ ಅಳೆದು ಬರೆದಿಡಿ. ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಮತ್ತೆ ಅಳೆಯಿರಿ. ಎರಡು ಮೂರು ದಿನದ ಈ ಲೆಕ್ಕ ಸರ್ವಿಸ್ ಸೆಂಟರ್‌ನಲ್ಲಿ ನಿಮ್ಮ ಮಾತಿಗೆ ಬಲ ಕೊಡುತ್ತದೆ.

ಸಣ್ಣ ಸೋರಿಕೆ ದೊಡ್ಡ ಬಿಲ್ ಆಗುವುದು ಹೇಗೆ?

ಚೀಲ ಸೋರಿದರೆ ಗಾಡಿ ತಗ್ಗುತ್ತದೆ. ಅದು ಎತ್ತರದ ಸೆನ್ಸರ್‌ಗೆ ಗೊತ್ತಾಗುತ್ತದೆ. ಕಂಪ್ರೆಸರ್ ಓಡಿ ಮತ್ತೆ ಗಾಳಿ ತುಂಬುತ್ತದೆ. ಗಾಡಿ ಎದ್ದು ನಿಲ್ಲುತ್ತದೆ, ಮಾಲೀಕ ‘ಸರಿಯಾಯಿತು’ ಎಂದುಕೊಳ್ಳುತ್ತಾನೆ. ಆದರೆ ಕಂಪ್ರೆಸರ್ ನಿರಂತರವಾಗಿ ಓಡಲೆಂದು ಮಾಡಿದ ಯಂತ್ರವಲ್ಲ. ಸ್ವಲ್ಪ ಹೊತ್ತು ಓಡಿ, ತಣ್ಣಗಾಗಿ, ಮತ್ತೆ ಓಡಬೇಕು. ಸೋರಿಕೆಯಿಂದ ಅದು ದಿನವಿಡೀ ದುಡಿದರೆ ಬಿಸಿಯಾಗಿ ಒಳಗಿನ ಪಿಸ್ಟನ್ ಸೀಲ್ ಸವೆಯುತ್ತದೆ.

ಜೊತೆಗೆ, ಹೆಚ್ಚು ಗಾಳಿ ಎಳೆದಷ್ಟೂ ಹೆಚ್ಚು ತೇವ ಒಳಬರುತ್ತದೆ. ಡ್ರೈಯರ್ ಹೀರುವಷ್ಟು ಹೀರಿ ಸೋಲುತ್ತದೆ. ಉಳಿದ ತೇವ ವಾಲ್ವ್ ಬ್ಲಾಕ್ ಸೇರುತ್ತದೆ. ಅಲ್ಲಿ ತುಕ್ಕು ಹಿಡಿಯಬಹುದು, ಚಳಿ ನಾಡಿನಲ್ಲಿ ನೀರು ಮಂಜುಗಡ್ಡೆಯಾಗಿ ವಾಲ್ವನ್ನೇ ಕಟ್ಟಿಹಾಕಬಹುದು. ಹೀಗೆ ಒಂದು ಸೀಲ್‌ನಲ್ಲಿ ಮುಗಿಯಬೇಕಿದ್ದ ಕೆಲಸ ಕಂಪ್ರೆಸರ್, ಡ್ರೈಯರ್, ವಾಲ್ವ್ ಬ್ಲಾಕ್ ಎಂದು ಬೆಳೆಯುತ್ತದೆ.

ಹಾಗಾದರೆ ಖರ್ಚು ಎಷ್ಟು?

ಮಾದರಿ, ಊರು, ವರ್ಕ್‌ಶಾಪ್ ನೋಡಿ ಮೊತ್ತ ಬದಲಾಗುತ್ತದೆ. ಆದರೆ ಖರ್ಚಿನ ಮೆಟ್ಟಿಲುಗಳು ಹೀಗಿವೆ:

• ಸೀಲ್, ಪೈಪ್, ಜೋಡಣೆ: ಬಿಡಿಭಾಗಕ್ಕೆ ಹೆಚ್ಚೆಂದರೆ ಹತ್ತಾರು ಡಾಲರ್. ಬಿಲ್‌ನ ಬಹುಪಾಲು ಹುಡುಕುವ ಮತ್ತು ಬಿಚ್ಚುವ ಕೂಲಿ.

• ವಾಲ್ವ್ ಬ್ಲಾಕ್, ಕಂಪ್ರೆಸರ್: ನೂರಾರು ಡಾಲರ್‌ನಿಂದ ಸಾವಿರ ದಾಟುವವರೆಗೆ.

• ಚೀಲ ಮತ್ತು ಶಾಕ್ ಅಬ್ಸಾರ್ಬರ್ ಒಟ್ಟಿಗಿರುವ ಸ್ಟ್ರಟ್: ಕಂಪನಿಯ ಭಾಗವಾದರೆ ಒಂದು ಚಕ್ರಕ್ಕೇ ಸಾವಿರ ಡಾಲರ್ ಆಸುಪಾಸು ಅಥವಾ ಹೆಚ್ಚು. ನಾಲ್ಕೂ ಬದಲಿಸಿದರೆ ಬಿಲ್ ಎಷ್ಟಾಗುತ್ತದೆ ಎಂದು ನೀವೇ ಲೆಕ್ಕ ಹಾಕಬಹುದು.

ಇಷ್ಟು ದುಬಾರಿಯಾಗಲು ಕಾರಣಗಳಿವೆ. ಅಮೆರಿಕದಲ್ಲಿ ಮೆಕ್ಯಾನಿಕ್ ಕೂಲಿ ಗಂಟೆ ಲೆಕ್ಕದಲ್ಲಿ ನೂರು ಡಾಲರ್ ದಾಟುವುದು ಸಾಮಾನ್ಯ. ಚೀಲವೊಂದೇ ಹಾಳಾಗಿದ್ದರೂ ಅನೇಕ ಮಾದರಿಗಳಲ್ಲಿ ಇಡೀ ಸ್ಟ್ರಟ್ ಬದಲಿಸಬೇಕು. ಹೊಸ ಕಂಪನಿಗಳ ಗಾಡಿಗಳಿಗೆ ಹೊರಗಿನ ತಯಾರಕರ ಬಿಡಿಭಾಗ ಸಿಗುವುದು ಕಡಿಮೆ. ಕೆಲಸ ಮುಗಿದ ಮೇಲೆ ಕಂಪ್ಯೂಟರ್ ಜೋಡಿಸಿ ಎತ್ತರವನ್ನು ಹೊಂದಿಸಬೇಕು, ವೀಲ್ ಅಲೈನ್‌ಮೆಂಟ್ ಮಾಡಿಸಬೇಕು.

ಆದ್ದರಿಂದ ಅಮೆರಿಕದ ಬಿಲ್ಲನ್ನು ರೂಪಾಯಿಗೆ ಗುಣಿಸಿ ‘ಇಲ್ಲಿಯೂ ಇಷ್ಟೇ ಆಗುತ್ತದೆ’ ಎನ್ನುವುದು ತಪ್ಪು. ರಿವಿಯನ್, ಸೈಬರ್‌ಟ್ರಕ್, ಹಮ್ಮರ್ ಇವಿ ಯಾವುವೂ ಭಾರತದಲ್ಲಿ ಅಧಿಕೃತವಾಗಿ ಮಾರಾಟದಲ್ಲಿಲ್ಲ. ಏರ್ ಸಸ್ಪೆನ್ಷನ್ ಇರುವ ಐಷಾರಾಮಿ ಕಾರು ಮತ್ತು ಬಸ್ಸುಗಳು ಇಲ್ಲಿಯೂ ಇವೆ. ಅವುಗಳ ಲೆಕ್ಕವನ್ನು ಇಲ್ಲಿನ ಬೆಲೆಯಲ್ಲೇ ಹಾಕಬೇಕು.

ಬ್ಯಾಟರಿ ವಾರಂಟಿ ಇದಕ್ಕೆ ಬರುವುದಿಲ್ಲ

ಇದು ಅಮೆರಿಕದಲ್ಲಿರುವ ನಿಮ್ಮ ಬಂಧುಗಳಿಗೆ ನಿಜಕ್ಕೂ ತಿಳಿದಿರಬೇಕಾದ ವಿಷಯ. ‘ಎಲೆಕ್ಟ್ರಿಕ್ ಗಾಡಿಗೆ 8 ವರ್ಷ ವಾರಂಟಿ ಇದೆ’ ಎಂಬ ಮಾತು ಬ್ಯಾಟರಿ ಮತ್ತು ಮೋಟರ್‌ನಂಥ ಭಾಗಗಳಿಗೆ ಮಾತ್ರ ಅನ್ವಯ. ಸಸ್ಪೆನ್ಷನ್‌ಗೆ ಅನ್ವಯಿಸುವುದು ಗಾಡಿಯ ಸಾಮಾನ್ಯ ವಾರಂಟಿ. ಅದರ ಅವಧಿ ಚಿಕ್ಕದು:

• ರಿವಿಯನ್ ಆರ್1ಟಿ: 5 ವರ್ಷ ಅಥವಾ 60,000 ಮೈಲಿ (ಸುಮಾರು 96,500 ಕಿ.ಮೀ.)

• ಸೈಬರ್‌ಟ್ರಕ್: 4 ವರ್ಷ ಅಥವಾ 50,000 ಮೈಲಿ (ಸುಮಾರು 80,000 ಕಿ.ಮೀ.)

• ಹಮ್ಮರ್ ಇವಿ: 3 ವರ್ಷ ಅಥವಾ 36,000 ಮೈಲಿ (ಸುಮಾರು 58,000 ಕಿ.ಮೀ.)

ಯಾವುದು ಮೊದಲು ಮುಗಿಯುತ್ತದೋ ಅದೇ ಕೊನೆ. ಆರ್1ಟಿ ಗ್ರಾಹಕರ ಕೈ ಸೇರತೊಡಗಿದ್ದು 2021ರ ಕೊನೆಯ ತಿಂಗಳುಗಳಲ್ಲಿ. ಅಂದರೆ ಮೊದಲ ಗಾಡಿಗಳ 5 ವರ್ಷ 2026ರಲ್ಲಿ ತುಂಬುತ್ತದೆ. ಹಮ್ಮರ್ ಇವಿ ಬಂದದ್ದೂ 2021ರ ಡಿಸೆಂಬರ್‌ನಲ್ಲಿ, ಮೊದಲ ಗಾಡಿಗಳ 3 ವರ್ಷ ಆಗಲೇ ಮುಗಿದಿದೆ. ಸೈಬರ್‌ಟ್ರಕ್ 2023ರ ನವೆಂಬರ್ ಕೊನೆಗೆ ಬಂತು, ಮೊದಲ ಗಾಡಿಗಳಿಗೆ 2027ರ ಕೊನೆಯವರೆಗೆ ಸಮಯವಿದೆ.

ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಟ್ರಕ್ ಕೊಳ್ಳುವವರು ಬ್ಯಾಟರಿ ಆರೋಗ್ಯ ಮಾತ್ರ ಕೇಳಿ ಸುಮ್ಮನಾಗುತ್ತಾರೆ. ರಾತ್ರಿಯಿಡೀ ನಿಂತ ಗಾಡಿಯನ್ನು ಬೆಳಿಗ್ಗೆ ಹೋಗಿ ನೋಡುವುದು, ಎಲ್ಲ ಎತ್ತರಗಳಿಗೂ ಏರಿಸಿ ಇಳಿಸಿ ನೋಡುವುದು ಅಷ್ಟೇ ಮುಖ್ಯ. ಈಗಾಗಲೇ ಗಾಡಿ ಇರುವವರು ವಾರಂಟಿ ಮುಗಿಯುವ ಎರಡು ಮೂರು ತಿಂಗಳ ಮೊದಲೇ ಪರೀಕ್ಷೆ ಮಾಡಿಸಿ, ದೂರನ್ನು ಬರಹದಲ್ಲಿ ದಾಖಲಿಸಬೇಕು.

ಇನ್ನೂ ಕೆಲವು ಹೇಳಿಕೆಗಳು

‘ಸೋರಿಕೆಯಿಂದ ಬ್ಯಾಟರಿಯೇ ಖಾಲಿಯಾಗುತ್ತದೆ.’ ತಪ್ಪು. 12 ವೋಲ್ಟ್‌ನಲ್ಲಿ 30 ಆಂಪಿಯರ್ ಎಳೆಯುವ ಕಂಪ್ರೆಸರ್ ಎಂದರೆ 360 ವ್ಯಾಟ್. ತಲಾ 5 ನಿಮಿಷದಂತೆ ದಿನಕ್ಕೆ 10 ಸಲ ಓಡಿದರೂ ಖರ್ಚಾಗುವುದು 0.3 ಯೂನಿಟ್ ವಿದ್ಯುತ್. ಈ ಟ್ರಕ್‌ಗಳ ಬ್ಯಾಟರಿ 100 ಯೂನಿಟ್‌ನ ಆಸುಪಾಸಿನದು ಅಥವಾ ಅದಕ್ಕೂ ದೊಡ್ಡದು. ಕಂಪ್ರೆಸರ್ ಸವೆಯುವುದರ ಚಿಂತೆ ಮಾಡಿ, ಬ್ಯಾಟರಿಯದ್ದಲ್ಲ.

‘ಓಡುವಾಗ ಚೀಲ ಸಿಡಿದರೆ ಗಾಡಿ ಪಲ್ಟಿ.’ ಉತ್ಪ್ರೇಕ್ಷೆ. ಗಾಳಿ ಹೋದರೆ ಗಾಡಿ ರಬ್ಬರ್‌ನ ಬಂಪ್ ಸ್ಟಾಪ್ ಮೇಲೆ ಕೂರುತ್ತದೆ. ಓಟ ಒರಟಾಗುತ್ತದೆ, ಹಿಡಿತ ಕಡಿಮೆಯಾಗುತ್ತದೆ, ಟೈರ್ ಉಜ್ಜಬಹುದು. ವೇಗ ತಗ್ಗಿಸಿ, ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಚಪ್ಪಟೆ ಟೋಯಿಂಗ್ ಟ್ರಕ್ ಮೇಲೆ ಸಾಗಿಸುವುದು ಸರಿ.

‘ಹೊರಗೆ ರಿಪೇರಿ ಮಾಡಿಸಿದರೆ ವಾರಂಟಿ ಹೋಗುತ್ತದೆ.’ ಅಮೆರಿಕದಲ್ಲಿ 1975ರ ಮ್ಯಾಗ್ನುಸನ್-ಮಾಸ್ ಕಾಯ್ದೆಯ ಪ್ರಕಾರ, ಹೊರಗಿನ ಗ್ಯಾರೇಜಿನಲ್ಲಿ ಕೆಲಸ ಮಾಡಿಸಿದ ಮಾತ್ರಕ್ಕೆ ಕಂಪನಿ ವಾರಂಟಿ ನಿರಾಕರಿಸುವಂತಿಲ್ಲ. ಆ ಕೆಲಸದಿಂದಲೇ ಹಾನಿಯಾಗಿದ್ದರೆ ಮಾತು ಬೇರೆ.

‘ಕಾಯಿಲ್ ಸ್ಪ್ರಿಂಗ್ ಹಾಕಿಸಿದರೆ ಸಮಸ್ಯೆ ಮುಗಿಯಿತು.’ ಹಳೆಯ ಕಾರುಗಳಿಗೆ ಅಂಥ ಕಿಟ್ ಸಿಗುತ್ತವೆ. ಆದರೆ ಈ ಟ್ರಕ್‌ಗಳಲ್ಲಿ ಎತ್ತರದ ನಿಯಂತ್ರಣ ಗಾಡಿಯ ಸಾಫ್ಟ್‌ವೇರ್‌ನೊಂದಿಗೆ ಬೆಸೆದುಕೊಂಡಿದೆ. ಬದಲಿಸಿದರೆ ಎಚ್ಚರಿಕೆ ಸಂದೇಶಗಳು ನಿಲ್ಲುವುದಿಲ್ಲ, ಎತ್ತರ ಬದಲಿಸುವ ಸೌಲಭ್ಯವೂ ಹೋಗುತ್ತದೆ.

‘ಸೋಪಿನ ನೀರು ಹಾಕಿ ಮನೆಯಲ್ಲೇ ಪತ್ತೆಹಚ್ಚಿ.’ ಅರ್ಧ ನಿಜ, ಅರ್ಧ ಅಪಾಯ. ಪಂಕ್ಚರ್ ಅಂಗಡಿಯಲ್ಲಿ ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ನೋಡುವಂತೆ, ಚೀಲ ಮತ್ತು ಜೋಡಣೆಗೆ ಸೋಪಿನ ನೀರು ಸಿಂಪಡಿಸಿದರೆ ಸೋರುವ ಜಾಗದಲ್ಲಿ ನೊರೆ ಏಳುತ್ತದೆ. ಮೆಕ್ಯಾನಿಕ್‌ಗಳೂ ಇದನ್ನೇ ಮಾಡುತ್ತಾರೆ. ಆದರೆ ಅವರು ಗಾಡಿಯನ್ನು ಲಿಫ್ಟ್ ಅಥವಾ ಗಟ್ಟಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಮಾಡುತ್ತಾರೆ.

ಪ್ರಾಣಕ್ಕೆ ಸಂಬಂಧಿಸಿದ ಒಂದು ಎಚ್ಚರಿಕೆ

ಗಾಳಿಯ ಮೇಲೆ ಮಾತ್ರ ನಿಂತಿರುವ ಗಾಡಿಯ ಕೆಳಗೆ ಎಂದೂ ನುಸುಳಬೇಡಿ. ಸೋರುವ ಚೀಲ ಯಾವ ಕ್ಷಣದಲ್ಲೂ ಬಿಡಬಹುದು. ಸೆನ್ಸರ್ ಆಜ್ಞೆ ಕೊಟ್ಟು ಗಾಡಿ ತಾನಾಗಿಯೇ ತಗ್ಗಲೂಬಹುದು. ಮೂರು ಟನ್ ಭಾರ ಕೆಲವು ಇಂಚು ಇಳಿದರೂ ಕೆಳಗಿರುವವರು ಉಳಿಯುವುದಿಲ್ಲ. ಟೈರ್ ಬದಲಿಸುವುದಕ್ಕೂ ಮೊದಲು ಪರದೆಯಲ್ಲಿ ಜ್ಯಾಕ್ ಅಥವಾ ಟೈರ್ ಬದಲಾವಣೆಯ ಮೋಡ್ ಆಯ್ದು ಎತ್ತರದ ನಿಯಂತ್ರಣವನ್ನು ನಿಲ್ಲಿಸಬೇಕು. ನಂತರ ಕಂಪನಿ ಗುರುತಿಸಿದ ಜಾಗದಲ್ಲೇ ಜ್ಯಾಕ್ ಕೊಡಬೇಕು, ಬೇರೆಲ್ಲಿ ಕೊಟ್ಟರೂ ತಳದ ಬ್ಯಾಟರಿಗೆ ಪೆಟ್ಟು ಬೀಳಬಹುದು.

ಫಾರ್ವರ್ಡ್ ಮಾಡುವ ಮುನ್ನ ಕೇಳಿಕೊಳ್ಳಿ

ಫೋಟೊದಲ್ಲಿರುವ ಗಾಡಿಗೆ ಏರ್ ಸಸ್ಪೆನ್ಷನ್ ಇದೆಯೇ? ಬಿಲ್‌ನಲ್ಲಿ ಬದಲಿಸಿದ ಭಾಗ ಯಾವುದು ಎಂದು ಬರೆದಿದೆಯೇ? ಅದು ಸಾಮಾನ್ಯ ಸವೆತವೋ, ಅಪಘಾತವೋ? ವಾರಂಟಿ ಇತ್ತೇ? ಈ ಪ್ರಶ್ನೆಗಳಿಗೆ ಉತ್ತರವಿಲ್ಲದ ಸಂದೇಶ ಯಾರಿಗೂ ಉಪಯೋಗವಿಲ್ಲ.

ಅಮೆರಿಕದಲ್ಲಿ ಗಾಡಿ ಇಟ್ಟುಕೊಂಡಿರುವ ನಿಮ್ಮವರಿಗೆ ಏನಾದರೂ ಕಳುಹಿಸಲೇಬೇಕೆಂದರೆ ಇಷ್ಟು ಕಳುಹಿಸಿ: ಒಂದು ಮೂಲೆ ಪದೇ ಪದೇ ತಗ್ಗುತ್ತಿದ್ದರೆ ಅದೇ ವಾರ ತೋರಿಸಿ. ವಾರಂಟಿ ಯಾವ ತಿಂಗಳು ಮುಗಿಯುತ್ತದೆ ಎಂದು ಇವತ್ತೇ ನೋಡಿಕೊಳ್ಳಿ. ಗಾಡಿಯ 17 ಅಕ್ಷರ-ಅಂಕಿಗಳ ವಿಐಎನ್ ಸಂಖ್ಯೆಯನ್ನು ಅಮೆರಿಕ ಸರ್ಕಾರದ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ಜಾಲತಾಣದಲ್ಲಿ ಹಾಕಿ, ಸುರಕ್ಷತಾ ರೀಕಾಲ್ ಬಾಕಿ ಇದೆಯೇ ಪರೀಕ್ಷಿಸಿ. ರೀಕಾಲ್ ಇದ್ದರೆ ಆ ದೋಷವನ್ನು ಕಂಪನಿ ಉಚಿತವಾಗಿ ಸರಿಪಡಿಸಿಕೊಡುತ್ತದೆ.